ದೀಪ ಗುಡ್ಡ ಹತ್ತಿದ ಮೇಲೆ

ಅಂಬೂಬಾಯಿಯವರ ನೆನಪಾದಾಗೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಗೌರವ ಆಮೇಲೆ ಬರುತ್ತದೆ, ಅದೂ ಅವರಂತೆಯೇ ಮೆಟ್ಟಿಲು ಮೆಟ್ಟಿಲಿಗೂ ನಿಂತು ನಿಂತು. ನಾಲ್ಕು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ತಲೆ ಕೆಡದೆ ಉಳಿದದ್ದಕ್ಕೆ ಯಾರಾದರೂ ನನಗೊಂದು ಶಾಲು ಹೊದಿಸಬೇಕಿತ್ತು.

ಎಂಬತ್ತೇಳನೆಯ ಇಸವಿ, ಆಂಧ್ರದ ಗಡಿಯ ಆದವಾನಿಯ ಒಂದು ನೂಲಿನ ಗಿರಣಿ. ನಾನು ಅಲ್ಲಿ ಟೈಪಿಸ್ಟ್. ಕನ್ನಡ, ತೆಲುಗು ನೋಟೀಸುಗಳನ್ನು ಕಬ್ಬಿಣದ ಲೇಖನಿಯಿಂದ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು ಪ್ರತಿ ತೆಗೆಯುವುದೂ ನನ್ನ ಕೊರಳಿಗೇ ಬಿದ್ದಿತ್ತು. ಅಂಬೂಬಾಯಿ ರಿಕಾರ್ಡ್ ಕೋಣೆಯ ಗುಮಾಸ್ತೆ, ಹನ್ನೊಂದು ವರ್ಷದಿಂದ ಟೆಂಪರರಿ. ಹೊಳೆದಂಡೆಯ ಮಾಧವರಂ ಕಡೆಯವರು, ಆಚಾರವಂತರ ಮನೆತನ, ವಯಸ್ಸು ನಲವತ್ತಾರು, ಗಂಡ ತೀರಿಹೋಗಿ ಹದಿನೈದು ವರ್ಷವಾಗಿತ್ತು. ಕ್ಯಾಂಟೀನಿನ ನೀರು ಕುಡಿಯುತ್ತಿರಲಿಲ್ಲ. ಮನೆಯಿಂದ ತಂದ ತಂಬಿಗೆಯನ್ನು ಕಂಪ್ಯೂಟರಿನಿಂದ ಮೂರು ಮೊಳ ದೂರ ಇಡುತ್ತಿದ್ದರು. ಅದು ಮಡಿಗಲ್ಲ, ನೀರು ಚೆಲ್ಲೀತೆಂಬ ಭಯಕ್ಕೆ.

ಕಂಪ್ಯೂಟರ್ ಬಂದದ್ದು ಆ ವರ್ಷವೇ. ಬಂತು ಎಂದರೆ ಬಂತು ಅಷ್ಟೆ, ಕೆಲಸ ಮಾಡಲಿಲ್ಲ. ಯಂತ್ರ ಒಂದು ಕಂಪನಿಯದು. ಫ್ಲಾಪಿ ಎಂಬ ಕಪ್ಪು ಬಿಲ್ಲೆಯ ಮೇಲೆ ಬರೆದಿಡುವ ಕಾರ್ಡು ಇನ್ನೊಂದು ಕಂಪನಿಯದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಕೊನೆಗೆ ಹೈದರಾಬಾದಿನ ಒಬ್ಬ ಮೇಷ್ಟ್ರು ಎರಡನ್ನೂ ಮಾತಾಡಿಸುವ ಸಣ್ಣ ಪ್ರೋಗ್ರಾಂ ಬರೆದು ಕಳಿಸಿದರು. ಅದಕ್ಕೆ ಡ್ರೈವರ್ ಎನ್ನುತ್ತಾರಂತೆ. ಪುಕ್ಕಟೆಯಾಗಿ ಕೊಟ್ಟರು, ಒಳಗಿನ ಸಾಲುಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಯೇ ಕೊಟ್ಟರು. ಯಂತ್ರವನ್ನು ನಡೆಸುವ ದೊಡ್ಡ ಪ್ರೋಗ್ರಾಮೂ ಹಾಗೆ ಕೈಯಿಂದ ಕೈಗೆ ಬಂದದ್ದೇ ಎಂದು ಹೇಳಿದರು. ಮೊದಲ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ತಿದ್ದಿಕೊಳ್ಳಿ, ಆದರೆ ನೀವು ತಿಳಿದುಕೊಂಡದ್ದನ್ನು ಬರೆದು ಮುಂದಿನವರಿಗೆ ಕೊಡಿ.

ನಾವೆಲ್ಲ ಅದನ್ನು ಓದಿ ಮರೆತೆವು. ಅಂಬೂಬಾಯಿ ಅದನ್ನು ವ್ರತದಂತೆ ಹಿಡಿದರು.

ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆ ಸಾಲುಗಳನ್ನು ಒಂದೊಂದಾಗಿ ಓದಿದರು. ಪ್ರತಿಯೊಂದನ್ನೂ ಯಂತ್ರದ ಮೇಲೆ ಮೂರು ಸಲ ಮಾಡಿ ನೋಡದೆ, ಯಂತ್ರ ನಡೆಸುವುದು ಹೇಗೆಂಬ ತಮ್ಮ ಕನ್ನಡ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. "ಸೋಮಶೇಖರಪ್ಪಾ, ಇಲ್ಲಿ 'ಒತ್ತಬೇಕು' ಅನ್ನೂದು ಛಲೋನೋ, 'ಅದುಮಬೇಕು' ಅನ್ನೂದು ಛಲೋನೋ?" ಎಂದು ಬೆಳಗ್ಗೆ ನನ್ನನ್ನು ಕೇಳಿದರೆ ಸಂಜೆಯವರೆಗೂ ಅದೇ. ಎರಡೂ ಒಂದೇ ಎಂದರೆ ಮುಗಿಯಿತು, "ಅಡ್ಡಗೋಡೆ ಮ್ಯಾಲ ದೀಪ ಇಟ್ಟಂಗ ಮಾತಾಡಬ್ಯಾಡ" ಎಂದು ಬೈಯುತ್ತಿದ್ದರು. ಗಿರಣಿಯ ತುಂಬ ಅವರು ಡ್ರೈವರನ ಮೇಲೆ ಪುಸ್ತಕ ಬರೆಯುತ್ತಾರೆಂಬ ಸುದ್ದಿ ಹಬ್ಬಿತು. ಲಾರಿ ಡ್ರೈವರ್ ಮಾರೆಪ್ಪ ತಲೆ ಬಾಚಿಕೊಂಡು ಬಂದು ಬಾಗಿಲಲ್ಲಿ ನಿಂತ. "ಬಾಯಾರ, ನಂದು ಇಪ್ಪತ್ತು ವರ್ಸದ ಸರ್ವೀಸ್ ಐತ್ರಿ, ಒಂದೂ ಆಕ್ಸಿಡೆಂಟ್ ಇಲ್ಲ. ಅದನ್ನೂ ಬರ್ಕೊರಿ." ಅಂಬೂಬಾಯಿ ನಗಲಿಲ್ಲ. ಇದು ಬೇರೆ ಡ್ರೈವರ್ ಎಂದು ಅವನಿಗೆ ಅರ್ಧ ಗಂಟೆ ತಿಳಿಸಿ ಹೇಳಿದರು. ಅವನ ಜೊತೆ ನಾನೂ ಕೇಳಬೇಕಾಯಿತು.

ಇದೆಲ್ಲ ಬರೀ ಹಟಕ್ಕಲ್ಲ. ಮ್ಯಾನೇಜರು ಒಂದು ಮಾತು ಕೊಟ್ಟಿದ್ದರು. ಅವರು ಗುಂಟೂರಿನ ಕಡೆಯವರು, ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. "ಚೂಡಮ್ಮಾ, ಮೀರು ಲೇಕುಂಡಾ ಈ ಮೆಷಿನ್ ನಡವಾಲಿ, ನೀವಿಲ್ಲದೇನೂ ನಡೀಬೇಕು. ನಿಮ್ಮ ಪುಸ್ತಕ ನೋಡಿ, ನಿಮ್ಮನ್ನ ಒಂದು ಮಾತೂ ಕೇಳದೆ ಬೇರೆ ಒಬ್ಬ ನಡೆಸಿದರೆ ನಿಮ್ಮ ಕೆಲಸ ಕಾಯಂ. ಇಲ್ಲಾಂದ್ರೆ ಹೈದರಾಬಾದ್ ಕಾಂಟ್ರಾಕ್ಟರ್‌ಗೆ ಕೊಡ್ತೀನಿ, ರಿಕಾರ್ಡ್ ಕೋಣೆಗೂ ಬೀಗ." ಹನ್ನೊಂದು ವರ್ಷದ ಅನ್ನ ಆ ಪುಸ್ತಕದ ಮೇಲೆ ನಿಂತಿತು.

ಫ್ಲಾಪಿಯಲ್ಲಿದ್ದದ್ದಾದರೂ ಏನು? ನಾನೂರ ಹನ್ನೆರಡು ಕೆಲಸಗಾರರ ಹೆಸರು, ಊರು, ಕೆಲಸಕ್ಕೆ ಸೇರಿದ ತಾರೀಖು. ಹಳೆಯ ರಿಜಿಸ್ಟರನ್ನು ಗೆದ್ದಲು ತಿಂದಿದ್ದರಿಂದ ಅಂಬೂಬಾಯಿ ಭಾನುವಾರ ಭಾನುವಾರ ಬಸ್ಸು ಹತ್ತಿ ಕೌತಾಳಂ, ಪೆದ್ದಹರಿವಾಣಂ ತಿರುಗಿ ಕೇಳಿ ಬರೆದುಕೊಂಡಿದ್ದರು. ಪೆದ್ದಹರಿವಾಣದ ಜಂಬಮ್ಮ "ನಮ್ಮ ಕರಿ ಎಮ್ಮಿ ಎರಡನೇ ಕರ ಹಾಕಿದ ತಿಂಗಳು ಸೇರೀನ್ರಿ" ಎಂದರೆ, ಎಮ್ಮೆಯ ಲೆಕ್ಕ ಹಿಡಿದು ತಾರೀಖು ಹೊರಡಿಸಿದವರು ಅವರು. ಆಮೇಲೆ ಆರು ವಾರ ಒಂದೊಂದೇ ಅಕ್ಷರ ಒತ್ತಿ ಫ್ಲಾಪಿಗೆ ಹಾಕಿದರು. ಇನ್ನೊಂದು ಪ್ರತಿ ತೆಗೆದಿಡಲು ಎರಡನೆಯ ಫ್ಲಾಪಿ ಕೇಳಿ ಕೇಳಿ ಸಾಕಾದರು, ಮ್ಯಾನೇಜರು ಕೊಡಿಸಲಿಲ್ಲ.

ಈಗ ನನ್ನ ಪಾಪದ ಕಥೆ.

ಫ್ಲಾಪಿ ಹಾಕುವ ಬಾಯಿಯ ಪಕ್ಕ ಒಂದು ಕೆಂಪು ದೀಪ ಇತ್ತು. ಅದು ಉರಿಯುತ್ತಿದ್ದರೆ ಯಂತ್ರ ಬರೆಯುತ್ತಿದೆ ಎಂದರ್ಥ. ಆಗ ಫ್ಲಾಪಿ ಎಳೆದರೆ ಬರೆದದ್ದೆಲ್ಲ ಹಾಳು. ಆದ್ದರಿಂದ ಪುಸ್ತಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಒಂದೇ: ದೀಪ ಆರಿದ ಮೇಲೆ ಫ್ಲಾಪಿ ತೆಗೆಯಬೇಕು.

ಆದರೆ ಅಂಬೂಬಾಯಿ 'ದೀಪ ಆರಿತು' ಎಂಬ ಮಾತನ್ನು ಬಾಯಿಗೇ ತರುತ್ತಿರಲಿಲ್ಲ. ಅದು ಅಶುಭವೆಂದು ನಮ್ಮ ಮನೆಗಳಲ್ಲೂ ಹೇಳುವುದಿಲ್ಲ, ಆದರೆ ಅವರಿಗೆ ಅಷ್ಟೇ ಅಲ್ಲ. ಗಂಡ ತೀರಿದ ದಿನ ಓಣಿಯಲ್ಲಿ ಯಾರೋ "ಆ ಮನಿ ದೀಪ ಆರಿತು" ಎಂದದ್ದು ಅವರ ಕಿವಿಗೆ ಬಿದ್ದಿತ್ತು. ಮೊದಲು 'ದೀಪ ಶಾಂತವಾದ ಮೇಲೆ' ಎಂದು ಬರೆದರು. ಮ್ಯಾನೇಜರು "ಏಮಮ್ಮಾ, ಅದಕ್ಕೆ ಮೊದಲು ಕೋಪ ಬಂದಿತ್ತಾ?" ಎಂದು ಕೆಂಪು ಗೀರು ಎಳೆದರು. ಆಗ ತೆಲುಗಿನಿಂದ ತಂದರು. ತೆಲುಗಿನಲ್ಲಿ ದೀಪ ಆರಿದ್ದಕ್ಕೆ 'ದೀಪಂ ಕೊಂಡೆಕ್ಕಿಂದಿ' ಎನ್ನುತ್ತಾರೆ, ದೀಪ ಗುಡ್ಡ ಏರಿತು ಎಂದು. ಅಂಬೂಬಾಯಿ ಕನ್ನಡದ ಪ್ರತಿಯಲ್ಲಿ ಬರೆದರು: ದೀಪ ಗುಡ್ಡ ಹತ್ತಿದ ಮೇಲೆ ಫ್ಲಾಪಿ ತೆಗೆಯಬೇಕು.

ಮೂವತ್ತೆಂಟು ಹಾಳೆ. ಹದಿನೇಳನೆಯ ಹಾಳೆ ಕೊರೆಯುವ ಹೊತ್ತಿಗೆ ನನ್ನ ಬೆರಳು ಬಾತಿತ್ತು, ತಲೆ ಚಿಟ್ಟು ಹಿಡಿದಿತ್ತು. ಈ ಸಾಲಿಗೆ ಬಂದೆ. ಈ ಅಂಬೂಬಾಯಿಗೆ ಎಲ್ಲದರಲ್ಲೂ ಪುರಾಣವೇ ಬೇಕು, ಕಂಪ್ಯೂಟರಿನೊಳಗೆ ಎಲ್ಲಿಯ ಗುಡ್ಡ ಎಂದು ರೇಗಿ, ಆ ಒಂದು ಶಬ್ದ ಬಿಟ್ಟು ಕೊರೆದೆ. ದೀಪ ಹತ್ತಿದ ಮೇಲೆ ಫ್ಲಾಪಿ ತೆಗೆಯಬೇಕು. ಓದಲು ಎಷ್ಟು ಚೆನ್ನಾಗಿತ್ತು! ಅರ್ಥ ಪೂರ್ತಿ ತಿರುಗಿಬಿದ್ದದ್ದು ನನ್ನ ತಲೆಗೆ ಹೋಗಲೇ ಇಲ್ಲ. ಪರೀಕ್ಷೆಯ ಹಿಂದಿನ ದಿನ ಹಾಳೆ ಮುಗಿಸಿದ್ದರಿಂದ ಅವರಿಗೆ ತಿರುಗಿ ಓದಲು ಪುರುಸೊತ್ತೂ ಸಿಗಲಿಲ್ಲ.

ಪರೀಕ್ಷೆಗೆ ಮ್ಯಾನೇಜರು ಆರಿಸಿದ್ದು ಬಾಯ್ಲರಿನ ಗಾದಿಲಿಂಗಪ್ಪನನ್ನು. ಏಳನೆಯವರೆಗೆ ಕನ್ನಡ ಶಾಲೆ ಓದಿದವನು, ಹೇಳಿದ್ದನ್ನು ಹೇಳಿದಂತೆ ಮಾಡುವವನು. ಅಂಬೂಬಾಯಿ ದೂರದ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತರು. ಗಾದಿಲಿಂಗಪ್ಪ ಬೆರಳಿಟ್ಟು ಓದುತ್ತ ಹದಿನಾರು ಹಾಳೆ ದಾಟಿದ. ಹೊಸ ಹೆಸರೊಂದನ್ನು ಸೇರಿಸಿದ. ಕೆಂಪು ದೀಪ ಉರಿಯಿತು.

"ದೀಪ ಹತ್ತೈತಿ," ಎಂದು ಗಟ್ಟಿಯಾಗಿ ಹೇಳಿಕೊಂಡು ಫ್ಲಾಪಿ ಎಳೆದುಬಿಟ್ಟ.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಮತ್ತೆ ಹಾಕಿ ನೋಡಿದರೆ ಪಟ್ಟಿ ಇಲ್ಲ, ಒಂದು ಹೆಸರೂ ಇಲ್ಲ. ಮ್ಯಾನೇಜರು ಎದ್ದು ನಿಂತರು. ಗಾದಿಲಿಂಗಪ್ಪ "ಪುಸ್ತಕದಾಗ ಹಂಗ ಬರ್ದೈತ್ರಿ, ಬೇಕಾದ್ರ ನೋಡ್ರಿ" ಎಂದು ಅಳುವಂತಾದ. ಅಂಬೂಬಾಯಿ ಹದಿನೇಳನೆಯ ಹಾಳೆ ತೆಗೆದು ಓದಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಟೈಪ್‌ರೈಟರಿನ ರಿಬ್ಬನ್ ಸರಿಮಾಡತೊಡಗಿದೆ.

"ಸಾಲು ತಪ್ಪಾಗ್ಯದ ರೀ," ಎಂದರು ಮ್ಯಾನೇಜರಿಗೆ. "ಇನ್ನೊಂದು ಸಲ ಅವಕಾಶ ಕೊಡ್ರಿ. ಪಟ್ಟಿ ನನ್ನ ನೋಟ್‌ಬುಕ್‌ನಾಗ ಅದ, ತಿರುಗಿ ಒತ್ತತೀನಿ." ಯಾರ ತಪ್ಪೆಂದು ಹೇಳಲಿಲ್ಲ. ಮ್ಯಾನೇಜರು ಒಂದು ತಿಂಗಳು ಕೊಟ್ಟರು, ಅದೂ ಕೊನೆಯ ಸಲವೆಂದು.

ಮೂರು ವಾರ ಅವರು ಬೆನ್ನು ಬಾಗಿಸಿಕೊಂಡು ನಾನೂರ ಹನ್ನೆರಡು ಹೆಸರು ಒತ್ತಿದರು. ನಾನು ಬಾಯಿ ಬಿಡಲಿಲ್ಲ. ನನ್ನ ಮೇಲೆಯೇ ನನಗೆ ಹೇಸಿಗೆಯಾಗುತ್ತಿತ್ತು, ಆ ಸಿಟ್ಟನ್ನೂ ಅವರ ಮೇಲೆಯೇ ಹಾಕುತ್ತಿದ್ದೆ. ಒಂದು ಸಲ ನನ್ನನ್ನು ಬೈದುಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನಾಲ್ಕನೆಯ ವಾರ ಹೊಸ ಮೂಲಪ್ರತಿ ತಂದು ನನ್ನ ಮೇಜಿನ ಮೇಲಿಟ್ಟರು. "ಇದ್ದದ್ದು ಇದ್ದಂಗ ಕೊರಿಯಪ್ಪ," ಎಂದಷ್ಟೇ ಹೇಳಿದರು. ಹದಿನೇಳನೆಯ ಹಾಳೆ ತೆರೆದೆ. ಅವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ದೀಪ ಆರಿದ ಮೇಲೆ ಫ್ಲಾಪಿ ತೆಗೆಯಬೇಕು. 'ಆರಿದ' ಎಂಬಲ್ಲಿ ಶಾಯಿ ಎರಡು ಸಲ ನಿಂತು ಹೋದ ಗುರುತಿತ್ತು. ಹದಿನೈದು ವರ್ಷ ಬಾಯಿಗೆ ತರದ ಮಾತನ್ನು ಗಾದಿಲಿಂಗಪ್ಪನಿಗೆ ತಿಳಿಯಲೆಂದು ಬರೆದಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಕೊನೆಯಲ್ಲಿ ಒಂದು ಹೊಸ ಹಾಳೆ ಸೇರಿಸಿದ್ದರು, 'ತಪ್ಪುಗಳು' ಎಂದು ತಲೆಬರಹ. ಡ್ರೈವರಿನಲ್ಲಿ ಅವರು ಕಂಡ ಆರೇಳು ದೋಷ, ಅವಕ್ಕೆ ಉಪಾಯ. ಎಲ್ಲದರ ಕೆಳಗೆ: 'ಮೊದಲ ಪ್ರತಿಯ ಹದಿನೇಳನೆಯ ಹಾಳೆಯಲ್ಲಿ ಒಂದು ಶಬ್ದ ಬಿಟ್ಟು ಹೋಗಿ ಪಟ್ಟಿ ಅಳಿಸಿಹೋಯಿತು. ತಪ್ಪು ಬರೆದವಳದು.'

ಕಬ್ಬಿಣದ ಲೇಖನಿ ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಒಂದೇ ಅಕ್ಷರ ಬದಲಿಸಿ ಕೊರೆದೆ: ತಪ್ಪು ಬರೆದವನದು.

ಈ ಸಲ ಅಂಬೂಬಾಯಿ ಪ್ರತಿಯೊಂದು ಹಾಳೆಯನ್ನೂ ಮೂರು ಸಲ ಓದಿದರು. ಕೊನೆಯ ಹಾಳೆ ಹಿಡಿದು ಕನ್ನಡಕ ಮೇಲಕ್ಕೆ ಸರಿಸಿದರು.

"ಮತ್ತ ನನ್ನ ಬರವಣಿಗಿ ತಿದ್ದೀಯೇನೋ?"

"ತಿದ್ದೀನ್ರಿ ಬಾಯಾರ. ಮ್ಯಾನೇಜರು ಓದಿ ಏನರ ಮಾಡ್ಲಿ."

ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆಂದು ನಾನು ಕಾದೆ.

"ಹಂಗಾದ್ರ 'ಕೊರೆದವನದು' ಅಂತ ಹಾಕು. ಬರೆದಾಕಿ ನಾನು, ನೀ ಅಲ್ಲ. ಅಡ್ಡಗೋಡೆ ಮ್ಯಾಲ ದೀಪ ಇಡಬ್ಯಾಡ ಅಂತ ಎಷ್ಟು ಸಲ ಹೇಳಬೇಕು ನಿನಗ?"

ಹಲ್ಲು ಕಡಿಯುತ್ತ ಇನ್ನೊಂದು ಸ್ಟೆನ್ಸಿಲ್ ಕೊರೆದೆ. ಮ್ಯಾನೇಜರು ಅದನ್ನು ಓದಿ ನನಗೆ ಎರಡು ಭಾಷೆಯಲ್ಲೂ ಬೈದರು. ಮರುದಿನ ಹನ್ನೊಂದು ಗಂಟೆಗೆ ಗಾದಿಲಿಂಗಪ್ಪ ಮತ್ತೆ ಯಂತ್ರದ ಮುಂದೆ ಕೂತ, ಅಂಬೂಬಾಯಿ ಅದೇ ಸ್ಟೂಲಿನ ಮೇಲೆ. ಹೊಸ ಹೆಸರು ಸೇರಿಸಿದ. ಕೆಂಪು ದೀಪ ಹತ್ತಿತು. ಅವನು ಬೆವರುತ್ತ ಕೈ ಹಿಂದೆ ಕಟ್ಟಿಕೊಂಡು ಕಾದ. ದೀಪ ಹೋಯಿತು.

"ದೀಪ ಆರೈತಿ," ಎಂದು ಅವನು ಗಟ್ಟಿಯಾಗಿ ಹೇಳಿಕೊಂಡ.

ಅಂಬೂಬಾಯಿ ಕಣ್ಣು ಮುಚ್ಚಿದರು. ಅವನು ಫ್ಲಾಪಿ ತೆಗೆದು ಮತ್ತೆ ಹಾಕಿ ಪಟ್ಟಿ ಕರೆದ. ಮ್ಯಾನೇಜರು ಬಗ್ಗಿ ನೋಡಿ, ಕಾಯಂ ಆರ್ಡರಿಗೆ ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದರು. ಅಂಬೂಬಾಯಿ ಕಣ್ಣು ತೆರೆದಾಗ ಜಂಬಮ್ಮನ ಹೆಸರು ಅದರ ಜಾಗದಲ್ಲೇ ಇತ್ತು.