ಟಿಟ್ಟಿಭದ ಬಾಣಂತನ

ಕಮಲಾಪುರದ ಕುಂಬಾರ ಹುಲುಗಪ್ಪ ಯಾರ ಅವಸರಕ್ಕೂ ಗಡಿಗೆ ಮಾಡಿದವನಲ್ಲ. ಕೆರೆಯ ನೀರು ಹಿಂದೆ ಸರಿದಾಗ ಮಾತ್ರ ಮಣ್ಣು ಅಗೆಯುತ್ತಾನೆ. ಚಿಟಿಕೆ ಮಣ್ಣನ್ನು ನಾಲಿಗೆಗಿಟ್ಟು, "ಇನ್ನಾ ಹದಕ್ಕ ಬಂದಿಲ್ಲ" ಎಂದು ಉಗಿಯುತ್ತಾನೆ. ಗಾಳಿ ಎದ್ದರೆ ತಿಗರಿ ನಿಲ್ಲುತ್ತದೆ. ಅದಿರು ಲಾರಿಗಳ ಕೆಂಪು ಧೂಳು ಹಸಿ ಗಡಿಗೆಗಳ ಮೇಲೆ ಕೂರದಂತೆ ಹೆಂಡತಿ ಯಮನಮ್ಮನ ಹಳೆಯ ಸೀರೆಗಳನ್ನೆಲ್ಲ ತಂದು ಹೊದಿಸುತ್ತಾನೆ. ಅಂಗೈಯಷ್ಟು ಮೋಡ ಕಂಡರೂ ಆವಿಗೆಗೆ ಬೆಂಕಿ ಇಡುವುದಿಲ್ಲ. "ಇವರು ಗಡಿಗಿ ಮಾಡೋದು ಆರು ತಿಂಗಳು, ಮುಗಿಲು ನೋಡೋದು ಆರು ತಿಂಗಳು" ಎಂದು ಯಮನಮ್ಮ ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ. ಗಣಿಗಳಿಗೆ ಊರೂರಿನ ಜನ ನುಗ್ಗುತ್ತಿದ್ದ ಒಂದು ಬೇಸಿಗೆಯಲ್ಲಿ ಗುತ್ತಿಗೆದಾರನೊಬ್ಬ ಬಂದು, ಕೂಲಿಯವರಿಗೆ ನೀರು ತುಂಬಿಡಲು ಇನ್ನೂರು ಗಡಿಗೆ ಕೇಳಿದ. ಅಷ್ಟು ಗಡಿಗೆಗೆ ಸಾಲುವ ಒಳ್ಳೆಯ ಮಣ್ಣು ಇದ್ದದ್ದು ಕೆರೆಯ ಒಂದೇ ಮೂಲೆಯಲ್ಲಿ. ಅಲ್ಲಿ ಟಿಟ್ಟಿಭ ಹಕ್ಕಿಯೊಂದು ನೆಲದ ತಗ್ಗಿನಲ್ಲಿ ನಾಲ್ಕು ಮೊಟ್ಟೆಗಳ ಮೇಲೆ ಕಾವು ಕೂತಿತ್ತು. "ಸ್ವಲ್ಪ ತಡೀರಿ ಸಾವ್ಕಾರ್ರ, ಆಕಿ ಬಾಣಂತನ ಮುಗೀಲಿ" ಎಂದ ಹುಲುಗಪ್ಪ. ಗುತ್ತಿಗೆದಾರ ನಕ್ಕು, ಹೊಸಪೇಟೆಯಿಂದ ಪ್ಲಾಸ್ಟಿಕ್ ಡ್ರಮ್ಮು ತರಿಸಿಕೊಂಡ. ಓಣಿಯವರು ಯಮನಮ್ಮನ ಬೈಗುಳಕ್ಕೆ ಕಾದರು, ಅವಳು ಬೈಯಲಿಲ್ಲ. ಮೊಟ್ಟೆಗಳ ಹತ್ತಿರ ನಾಯಿ ಸುಳಿಯದಂತೆ ಕಾಯುತ್ತಿದ್ದ ಗಂಡನಿಗೆ ದಿನಾ ಬುತ್ತಿ ಒಯ್ದಳು. ಹದಿನೆಂಟನೆಯ ದಿನ ಮರಿಗಳು ತಾಯಿಯ ಹಿಂದೆ ನೀರಿನತ್ತ ಓಡಿದವು. ಹುಲುಗಪ್ಪ ಗುದ್ದಲಿ ಎತ್ತಿದ. ಯಮನಮ್ಮ ಅವನ ಕೈ ಹಿಡಿದು ನಿಲ್ಲಿಸಿ, ಬಗ್ಗಿ ಆ ಖಾಲಿ ತಗ್ಗಿನ ಮೇಲೆ ಅಂಗೈ ಇಟ್ಟಳು. "ಇನ್ನಾ ಬೆಚ್ಚಗೈತ್ರಿ," ಎಂದಳು, "ನಾಳೆ ಅಗಿಯೋಣು."