ಗೋಲಿನ ಮುಂದೆ ತುಂಬಿಸಿದ ಕೆಂಪು ಮಣ್ಣು

1981ನೇ ಇಸವಿ. ನಾನಾಗ ಬೆಳಗಾವಿಯಲ್ಲಿ ಊರಿನ ಆಟದ ಮೈದಾನಗಳ ಓವರ್‌ಸಿಯರ್. ಹುಲ್ಲು ಕೊಯ್ಯಿಸುವುದು, ಸುಣ್ಣದ ಗೆರೆ ಹಾಕಿಸುವುದು, ಗ್ಯಾಲರಿಯ ಹಲಗೆ ಜಡಿಸುವುದು, ಕುಸ್ತಿಯ ಕಣ ಹದ ಮಾಡಿಸುವುದು, ಎಲ್ಲವೂ ನನ್ನ ಜವಾಬ್ದಾರಿ. ಇಡೀ ನೌಕರಿಯಲ್ಲಿ ನೋಡಿದ ಎಷ್ಟೋ ಪಂದ್ಯ ಮರೆತುಹೋಗಿವೆ. ಆ ಆಗಸ್ಟಿನ ಒಂದು ಮಧ್ಯಾಹ್ನ ಮಾತ್ರ ಇನ್ನೂ ಎದೆಯೊಳಗೆ ಕೂತಿದೆ.

ಉದ್ಯಮಬಾಗದ ಒಂದು ಫೌಂಡ್ರಿಗೆ ಸ್ವಂತ ಫುಟ್‌ಬಾಲ್ ಟೀಮಿತ್ತು. ಆಟ ನೋಡಿಯೇ ಹದಿನಾಲ್ಕು ಮಂದಿಯನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಬೆಳಿಗ್ಗೆ ಎರಕದ ಅಚ್ಚು ಬಡಿಯುವುದು, ಮಧ್ಯಾಹ್ನದ ಮೇಲೆ ಪ್ರಾಕ್ಟೀಸು. ಆ ವರ್ಷ ಬಂದ ಹೊಸ ಮ್ಯಾನೇಜರು ಖಡಾಖಂಡಿತ ಹೇಳಿಬಿಟ್ಟರು: ಲೀಗಿನಲ್ಲಿ ಮುಂದಿನ ಸುತ್ತಿಗೆ ಹೋಗದಿದ್ದರೆ ಟೀಮು ಬಂದ್, ಆಟಗಾರರೂ ಮನೆಗೆ. ಹೀಗಾಗಿ ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಸಮ ಆದರೂ, ಮಳೆಗೆ ರದ್ದಾದರೂ ಅಲ್ಲಿಗೆ ಮುಗಿಯಿತು.

ಅವರ ಗೋಲ್‌ಕೀಪರ್ ದಸ್ತಗೀರ, ವಡಗಾವಿಯವನು, ಮೂರು ಮಕ್ಕಳ ತಂದೆ. ಮೂವತ್ತು ದಾಟಿದ ಆ ಮನುಷ್ಯನನ್ನು ಬೇರೆ ಯಾವ ಟೀಮೂ ಕರೆಯುವಂತಿರಲಿಲ್ಲ.

ಸೀಸನ್ ಪೂರ್ತಿ ಆಡಿ ಎರಡೂ ಗೋಲುಗಳ ಮುಂದೆ ಪಾದ ಮುಳುಗುವಷ್ಟು ತಗ್ಗು ಬಿದ್ದಿತ್ತು. ಪಂದ್ಯಕ್ಕೆ ನಾಲ್ಕು ದಿನ ಮೊದಲು ಪರಸಪ್ಪನನ್ನು ಕರೆದೆ. ಹಲಸಿ ಕಡೆಯವನು, ಕುರಿ ಕಾಯುವ ಮನೆತನ; ಕುಸ್ತಿಯ ಕಣ ಹದ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. “ಈ ತಗ್ಗು ಛಲೋತ್ನಂಗ ತುಂಬು, ಕೀಪರ್‌ಗೆ ಪೆಟ್ಟಾಗಬಾರದು” ಎಂದಷ್ಟೇ ಹೇಳಿ, ಬೇರೆ ಕೆಲಸದ ಮೇಲೆ ಖಾನಾಪುರಕ್ಕೆ ಹೋದೆ. ಪಂದ್ಯದ ದಿನ ಬೆಳಿಗ್ಗೆ ಬಂದು ನೋಡಿದರೆ ಎರಡೂ ಗೋಲುಗಳ ಮುಂದೆ ಕೆಂಪು ಮಣ್ಣು ಹಲಗೆಯಂತೆ ಸಪಾಟು. ಶಹಬ್ಬಾಸ್ ಎಂದೆ. ಬಗ್ಗಿ ಮುಟ್ಟಿ ನೋಡಲಿಲ್ಲ.

ಮಧ್ಯಾಹ್ನ ಒಂದು ತಾಸು ಮಳೆ ಹೊಡೆಯಿತು. ಎರಡು ಗಂಟೆಯ ಹೊತ್ತಿಗೆ ಮೈದಾನವೆಲ್ಲ ನೀರು ಹೀರಿಕೊಂಡಿತ್ತು, ಎರಡು ಗೋಲುಗಳ ಮುಂದೆ ಮಾತ್ರ ಕೆಂಪು ಹೊಂಡ. ಕೈ ಹಾಕಿದರೆ ಮಣ್ಣು ಬೆಣ್ಣೆಯಂತೆ ಜಾರಿತು. ಮೂಸಿ ನೋಡಿದೆ. ಅರಿಶಿಣದ ವಾಸನೆ.

“ಪರಸಪ್ಪಾ, ಇದಕ್ಕ ಏನ್ ಹಾಕಿದ್ಯೋ?”

“ಕಣಕ್ಕ ಹಾಕೂದ ಹಾಕೀನ್ರಿ. ಎಣ್ಣಿ, ಮಜ್ಜಿಗಿ, ಅರಿಶಿಣ, ಲಿಂಬಿಹಣ್ಣಿನ ರಸ. ಮೂರು ದಿನಾ ತುಳದೀನ್ರಿ. ಕೀಪರ್ ಬಿದ್ದರ ಹಾಸಗಿ ಮ್ಯಾಲ ಬಿದ್ದಂಗ ಆಗ್ಲಿ ಅಂತ...”

ಕುಸ್ತಿಯ ಕಣ ಇರುವುದು ಮಾಡಿನ ಕೆಳಗೆ. ಅಲ್ಲಿ ಎಣ್ಣೆ ಹಾಕುವುದು ಮಣ್ಣು ಮೆತ್ತಗಿರಲಿ, ಧೂಳು ಏಳದಿರಲಿ ಎಂದು. ಬಯಲಿನಲ್ಲಿ ಅದೇ ಮಣ್ಣು ನೀರನ್ನು ಒಳಗೆ ಬಿಡಲಿಲ್ಲ.

ರೆಫರಿ ಬಂದು ನೋಡಿ, “ನಾಕಕ್ಕ ಚೆಂಡ ಒಗದು ನೋಡ್ತೀನಿ. ಪುಟದ್ರ ಆಟ, ಇಲ್ಲಂದ್ರ ಇಲ್ಲ” ಎಂದರು.

ಬಕೀಟು, ಪುಟ್ಟಿ, ಕೈಗೆ ಸಿಕ್ಕಿದ್ದು ಹಿಡಿದು ಎಲ್ಲರೂ ಇಳಿದೆವು. ನೀರು ಹೋಯಿತು, ರಾಡಿ ಹೋಗಲಿಲ್ಲ. ಒಬ್ಬ ಆಟಗಾರ ಸಿಟ್ಟು ತಡೆಯಲಾರದೆ, “ಎಣ್ಣಿ ಹಾಕಿ ಕಣಕ ನಾದಿಯಲ್ಲೋ ಪರಸಣ್ಣಾ, ಹೋಳಿಗಿ ಮಾಡಾಂವಿದ್ದೇನು?” ಎಂದ. ಯಾರೂ ನಗಲಿಲ್ಲ. ಪರಸಪ್ಪ ತಲೆ ಎತ್ತದೆ, ಮೊಣಕಾಲೂರಿ ಎರಡೂ ತೋಳಿನಿಂದ ರಾಡಿ ಬಳಿಯುತ್ತಲೇ ಇದ್ದ.

ದಸ್ತಗೀರ ನನ್ನ ಬಾಜು ಬಂದ. “ಸಾಹೇಬ್ರ, ನಮ್ಮ ಫೌಂಡ್ರಿ ಹಿಂದ ಸುಟ್ಟ ಉಸುಕು ಬಿದ್ದೈತಿ. ಅದು ನೀರ ಕುಡೀತದ.” ಎರಕ ಹೊಯ್ದ ಮೇಲೆ ಅಚ್ಚು ಒಡೆದು ಎಸೆಯುವ ಕರಿ ಮರಳು ಅದು.

“ಅದರಾಗ ಕಬ್ಬಿಣದ ಚೂರಿರ್ತಾವಲ್ಲೋ. ಬೀಳಾಂವ ನೀನು.”

“ಕಿತ್ತ ತೊಗಲು ತಿರುಗಿ ಬರ್ತದ್ರಿ. ಹ್ವಾದ ಕೆಲಸ ಬರ್ತದೇನು?”

ಫೌಂಡ್ರಿಯ ಟೆಂಪೊ ಎರಡು ಸಲ ಓಡಿ ಉಸುಕು ತಂತು. ಆಟದ ಜೆರ್ಸಿ ತೊಟ್ಟವರೇ ಕೂತು ಬೆರಳಿನಿಂದ ಕಬ್ಬಿಣದ ಚೂರು ಆರಿಸಿ, ಎರಡೂ ಗೋಲುಗಳ ಮುಂದೆ ಹರವಿದರು. ನಾಲ್ಕಕ್ಕೆ ರೆಫರಿ ಚೆಂಡು ಎಸೆದರು. ಮೊಣಕಾಲೆತ್ತರಕ್ಕೆ ಪುಟಿಯಿತು. ಸೀಟಿ ಊದಿದರು.

ದಸ್ತಗೀರ ಒಂದು ಗೋಲೂ ಬಿಡಲಿಲ್ಲ. ಹಾಫ್‌ಟೈಮಿಗೆ ಅವನ ಮೊಣಕೈ ಎರಡೂ ನೆತ್ತರು. ಫೌಂಡ್ರಿಯವರಿಗೂ ಗೋಲು ಸಿಗಲಿಲ್ಲ. ಇನ್ನು ಐದು ನಿಮಿಷ ಇರುವಾಗ ಇವರ ಫಾರ್ವರ್ಡ್ ಎದುರಿನ ಕೀಪರನನ್ನು ದಾಟಿಸಿ ಚೆಂಡು ತಳ್ಳಿದ. ಮುಂದೆ ಬರಿದಾದ ಗೋಲು. ಜನ ಎದ್ದು ನಿಂತರು. ಚೆಂಡು ಉರುಳಿ ಉರುಳಿ ಕರಿ ಮರಳಿಗೆ ಬಂತು, ನಿಧಾನ ಆಯಿತು, ಗೆರೆಗೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು. ಎದುರಿನವನೊಬ್ಬ ಓಡಿ ಬಂದು ಒದ್ದು ಕಳಿಸಿದ.

ಪಂದ್ಯ ಸಮ. ಆ ತಿಂಗಳ ಕೊನೆಗೆ ಟೀಮು ಬಂದ್ ಆಯಿತು.

ಮೈದಾನ ಕೆಟ್ಟದ್ದರ ವರದಿಯಲ್ಲಿ ತಪ್ಪಿಗೆ ಪರಸಪ್ಪನ ಹೆಸರು ಬರೆದುಬಿಡು ಎಂದರು ಮೇಲಿನವರು. ನಾನು ನನ್ನ ಹೆಸರು ಬರೆದೆ. ಆಮೇಲೆ ಅವನನ್ನು ಕರಕೊಂಡು ವಡಗಾವಿಗೆ ಹೋದೆ. ದಸ್ತಗೀರ ತನ್ನ ಅಣ್ಣನ ಮಗ್ಗದ ಮುಂದೆ ಕೂತಿದ್ದ, ಮೊಣಕೈಗೆ ಇನ್ನೂ ಪಟ್ಟಿ. ಪರಸಪ್ಪ ಕಾಲು ಹಿಡಿಯಲು ಬಗ್ಗಿದರೆ, “ಏ, ಬಿಡ್ ಪರಸಣ್ಣಾ, ನೀ ನನ್ನ ಸಲುವಾಗೇ ಮಾಡಿದಿ” ಎಂದು ಎಬ್ಬಿಸಿದ. ಚಹಾ ತರಿಸಿದ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ಸಾಹೇಬ್ರ, ಆ ಜಾಗಾದಾಗ ಹತ್ತು ವರ್ಷ ನಿಂತಾಂವ ನಾ. ಮಣ್ಣ ಹಾಕಿಸೂ ಮುಂದ ನಂದೊಂದ ಮಾತ ಕೇಳಬೇಕಿತ್ತಿಲ್ರೀ?”

ಅಂದಿನಿಂದ ನಿವೃತ್ತಿಯಾಗುವ ತನಕ, ಯಾವ ಮೈದಾನದಲ್ಲಿ ಸಲಿಕೆ ಹಾಕಿಸಬೇಕಾದರೂ ಮೊದಲು ಅಲ್ಲಿ ನಿಂತು ಆಡುವವನನ್ನು ಕರೆಸುತ್ತಿದ್ದೆ. ಸಲಿಕೆ ಹಿಡಿಯುವವನನ್ನು ಅವನ ಎದುರಿಗೆ ನಿಲ್ಲಿಸಿ ಮಾತಾಡಿಸುತ್ತಿದ್ದೆ. ಒಂದು ಪುಟ್ಟಿ ಮಣ್ಣಿಗೆ ಇಷ್ಟು ಪಂಚಾಯ್ತಿ ಯಾಕೆಂದು ಆಫೀಸಿನಲ್ಲಿ ನಗುತ್ತಿದ್ದರು. ನಗಲಿ. ಹದಿನಾಲ್ಕು ಮಂದಿ ಮನೆಗೆ ಹೋದದ್ದು ನಾನು ಬಗ್ಗಿ ಮುಟ್ಟಿ ನೋಡದ ಪುಟ್ಟಿ ಮಣ್ಣಿನಿಂದ.