ಪೆಟ್ರೋಲು ವಾಸನೆಯ ಕಡೆಗೋಲು

ಕಳೆದ ದೀಪಾವಳಿಗೆ ನಮ್ಮ ಕನ್ನಡ ಕೂಟದ ಊಟಕ್ಕೆ ಮಜ್ಜಿಗೆ ನನ್ನದು ಎಂದು ನಾನೇ ಕೇಳಿ ಪಡೆದುಕೊಂಡಿದ್ದೆ. ಹಿಂದಿನ ದಿನ ಬೆಳಗ್ಗೆ ಮೆಟ್ಟಿಲ ಕೆಳಗಿನ ಕಪಾಟಿನ ಮೂಲೆಯಿಂದ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕಡೆಗೋಲನ್ನು ಹೊರಗೆ ತೆಗೆದೆ. ಗಂಟು ಬಿಚ್ಚುವುದರೊಳಗೆ ವಾಸನೆ ಮೂಗಿಗೆ ಬಂತು. ಮೊಸರು ಕಡೆಯುವ ಹೂವಿನ ಕಡೆ ಹುಳಿ ಮಜ್ಜಿಗೆ. ಹಿಡಿಯ ಕಡೆ ಮರದೊಳಕ್ಕೆ ಇಳಿದು ಕಪ್ಪಾದ ಇಂಜಿನ್ ಆಯಿಲು. ಅದರ ಹಿಂದೆ ತೆಳ್ಳಗೆ ಪೆಟ್ರೋಲು. ಪೆಟ್ರೋಲು ಆವಿಯಾಗಿ ಹೋಗುವ ಪದಾರ್ಥ, ನಲವತ್ತು ವರ್ಷ ಉಳಿಯುವುದಿಲ್ಲ ಎಂದು ನನ್ನ ಮಗ ಇಂಗ್ಲಿಷಿನಲ್ಲಿ ವಾದ ಮಾಡಿದ. ಅವನ ಮೂಗಿಗೆ ಬರಲಿಲ್ಲ, ನನಗೆ ಬಂತು. ಕಿಟಕಿಯಾಚೆ ಲಂಡನ್ನಿನ ರೇನರ್ಸ್ ಲೇನಿನ ನಮ್ಮ ರಸ್ತೆಯಲ್ಲಿ ಎದುರು ಮನೆಯ ಬ್ಯಾಟರಿ ಕಾರು ಹಿಂದಕ್ಕೆ ಸರಿದು ಹೊರಬಿತ್ತು. ಸದ್ದೇ ಇಲ್ಲ, ಬೆಕ್ಕು ಗೋಡೆ ಇಳಿದ ಹಾಗೆ. ಹಿಂದೆಲ್ಲ ಹಾಸಿಗೆಯಲ್ಲಿದ್ದುಕೊಂಡೇ ಯಾರು ಕೆಲಸಕ್ಕೆ ಹೊರಟರು, ಯಾರಿಗೆ ತಡವಾಗಿದೆ, ಯಾರ ಗಾಡಿಗೆ ಚಳಿ ಹಿಡಿದಿದೆ ಎಂದು ಹೇಳಬಹುದಿತ್ತು. ನಿಮಗೂ ನೆನಪಿರಬಹುದು.

ಆ ಕಡೆಗೋಲು ಹಾಸನದಿಂದ ಅಮ್ಮನ ಟ್ರಂಕಿನಲ್ಲಿ ಓರೆಯಾಗಿ ಮಲಗಿ ಲಂಡನ್ನಿಗೆ ಬಂದದ್ದು. ಫೆಲ್ಥಮ್‌ನಲ್ಲಿ ಆಗ ನಮ್ಮ ಮನೆ. ತಲೆಯ ಮೇಲೆ ವಿಮಾನ ಇಳಿಯುವಾಗ ಶೆಲ್ಫಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ಅಮ್ಮ ಮಾತು ನಿಲ್ಲಿಸಿ ಅದು ಹೋಗುವವರೆಗೆ ಕಾದು ಅದೇ ಪದದಿಂದ ಮುಂದುವರಿಸುತ್ತಿದ್ದಳು. ಅಪ್ಪ ಏರ್‌ಪೋರ್ಟಿನಲ್ಲಿ ಫಿಟ್ಟರ್. ಪ್ರಯಾಣಿಕರ ಪೆಟ್ಟಿಗೆಗಳನ್ನು ವಿಮಾನದವರೆಗೆ ಎಳೆಯುವ ಗಾಡಿಗಳ ರಿಪೇರಿ ಅವರ ಕೆಲಸ. ಕೆಲವು ಡೀಸೆಲ್ಲಿನವು, ಕೆಲವು ಆ ಕಾಲಕ್ಕೇ ಬ್ಯಾಟರಿಯವು. ಮನೆಗೆ ಬಂದಮೇಲೂ ಅವರಿಗೆ ಇಂಜಿನ್ನೇ ಬೇಕು. ಇಂಜಿನ್ನಿನ ಒಳಗಿನ ಸದ್ದು ಕೇಳಲು ಬೇರೆಯವರು ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಡುತ್ತಾರೆ. ಅಪ್ಪ ಒಂದು ದಿನ ಕೈಗೆ ಏನೂ ಸಿಗದೆ ಅಡುಗೆಮನೆಯಿಂದ ಕಡೆಗೋಲು ಎತ್ತಿಕೊಂಡು ಹೋದರಂತೆ. ಹಿಡಿಯ ತುದಿ ಇಂಜಿನ್ನಿಗೆ, ಹೂವು ಕಿವಿಗೆ. ಅದಕ್ಕಿಂತ ಚೆನ್ನಾಗಿ ಕೇಳಿಸುವ ವಸ್ತು ಇಂಗ್ಲೆಂಡಿನಲ್ಲೇ ಇಲ್ಲ ಎಂದುಬಿಟ್ಟರು. ಅಲ್ಲಿಂದ ಮುಂದೆ ಅಪ್ಪನ ಬಲಗಿವಿ ಯಾವಾಗಲೂ ಮಜ್ಜಿಗೆ ವಾಸನೆ, ನಮ್ಮ ಮನೆಯ ಮಜ್ಜಿಗೆ ಯಾವಾಗಲೂ ಪೆಟ್ರೋಲು ವಾಸನೆ. ಎಷ್ಟು ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುವುದಿಲ್ಲ ಎಂದು ಅಮ್ಮ ಗೊಣಗುತ್ತಿದ್ದಳೇ ಹೊರತು ಬೇರೆ ಕಡೆಗೋಲು ತರಿಸಿಕೊಳ್ಳಲಿಲ್ಲ.

ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದದ್ದು ಎಂಟು ಸಿಲಿಂಡರಿನ ಅಮೆರಿಕದ ಕಾರು. ಈಗಿನ ಹುಡುಗರು ಮಸಲ್ ಕಾರ್ ಅನ್ನುತ್ತಾರಲ್ಲ, ಅದು. ಕಪ್ಪು ಬಣ್ಣ, ಅಗಲ ಬೆನ್ನು, ಎಷ್ಟು ಕುಡಿಸಿದರೂ ತೀರದ ದಾಹ, ಜಡಿಮಳೆಯಲ್ಲಿ ಅಲ್ಲಾಡದೆ ನಿಲ್ಲುವ ಗಾಂಭೀರ್ಯ. ಅಮ್ಮ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದಳು. ಏರ್‌ಪೋರ್ಟಿನ ಯಾರೋ ಕೆಟ್ಟು ನಿಂತಿದೆ, ಎತ್ತಿಕೊಂಡು ಹೋಗು ಎಂದು ಬಿಟ್ಟುಕೊಟ್ಟಿದ್ದನ್ನು ಅಪ್ಪ ಎರಡು ಚಳಿಗಾಲ ಕೂತು ಬದುಕಿಸಿದ್ದರು. ಅದು ಸ್ಟಾರ್ಟ್ ಆದರೆ ಮೊದಲು ಕೇಳಿಸುವುದು ಕಿವಿಗಲ್ಲ, ಹೊಟ್ಟೆಗೆ. ಆಮೇಲೆ ಕಿಟಕಿಯ ಗಾಜಿಗೆ. ಆಮೇಲೆ ಕಿವಿಗೆ. ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ಕಾರುಗಳ ಸಾಲು. ಕನ್ನಡದವರು, ಪಂಜಾಬಿಗಳು, ಗುಜರಾತಿಗಳು, ಒಬ್ಬಿಬ್ಬರು ಬಿಳಿಯರು. ಒಂದು ಕಟ್ಟು ಕೊತ್ತಂಬರಿಯನ್ನೋ ನಾಲ್ಕು ಬಾಳೆಕಾಯಿಯನ್ನೋ ಹಿಡಿದು ಬಂದು, ರಾಯರೇ, ಸ್ವಲ್ಪ ಕೇಳಿ ಅನ್ನುವರು. ಕಿವಿ ರಾಯರು ಅಂತಲೇ ಅಪ್ಪನ ಹೆಸರು. ಅವರು ಕಣ್ಣು ಮುಚ್ಚಿ ಕಡೆಗೋಲಿಗೆ ಕಿವಿ ಕೊಡುವರು, ನನಗೂ ಕೊಡಿಸುವರು. ಇದು ವಾಲ್ವು, ಇದು ಬೇರಿಂಗು, ಇದು ಏನೂ ಅಲ್ಲ, ಗಾಡಿಗೆ ವಯಸ್ಸಾಗಿದೆ ಅಷ್ಟೆ. ಬ್ಯಾಟರಿ ಗಾಡಿಯ ಕಾಯಿಲೆ ಮೆಲುದನಿಯಲ್ಲಿ ಹೇಳುತ್ತೆ, ಆದರೆ ಹೇಳದೆ ಇರುವುದಿಲ್ಲ ಅಂತಲೂ ಹೇಳಿಕೊಟ್ಟಿದ್ದರು. ಕೆಟ್ಟ ಸದ್ದು ಕೇಳಿ ಸುಮ್ಮನಿರುವುದು ಅವರಿಂದ ಆಗುತ್ತಲೇ ಇರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಕಾರು ಸರಿಯಿಲ್ಲ ಅನ್ನಿಸಿದರೆ ಇಳಿದುಹೋಗಿ ಅಪರಿಚಿತರ ಕಿಟಕಿ ತಟ್ಟಿ ಹೇಳಿ ಬರುವರು. ಅಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ಕೂರುವಳು.

ಮುಕುಂದ ಚಿಕ್ಕಪ್ಪ ಅಪ್ಪನ ತಮ್ಮ. ಅಪ್ಪನೇ ಕರೆಸಿಕೊಂಡದ್ದು, ನಮ್ಮ ಮನೆಯ ಚಿಕ್ಕ ರೂಮಿನಲ್ಲೇ ಇದ್ದದ್ದು. ನನಗೆ ಹತ್ತು ವರ್ಷ ಆಗಿದ್ದಾಗ ಅವನಿಗೆ ಕೆಂಟನ್‌ನಲ್ಲಿ ಒಂದು ಹೆಣ್ಣಿರುವುದು ಗೊತ್ತಾಗಿ, ಒಂದು ಭಾನುವಾರ ನೋಡಲು ಹೋಗುವುದು ಎಂದಾಯಿತು. ಅಪ್ಪನಿಗೆ ಡ್ಯೂಟಿ, ಅಮ್ಮನಿಗೆ ಜ್ವರ. ಹೆಣ್ಣು ನೋಡಲು ಒಬ್ಬನೇ ಹೋಗಬಾರದು, ಮನೆಯ ಮಗು ಜೊತೆಗಿರಲಿ ಎಂದು ಅಮ್ಮ ನನಗೆ ಲಂಗ ಉಡಿಸಿ ಕಳಿಸಿದಳು. ಎಮ್ಮೆಯನ್ನು ಕೊಡು ಎಂದು ಚಿಕ್ಕಪ್ಪ ವಾರದಿಂದ ದುಂಬಾಲು ಬಿದ್ದಿದ್ದ. ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಅಪ್ಪ ಕಡೆಗೋಲು ಇಟ್ಟು ಕೇಳಿ, ಸದ್ದು ಸರಿಯಾಗಿದೆ, ಆಯಿಲು ಕಮ್ಮಿ ಇದೆ, ಇದನ್ನು ಹಾಕಿಕೊಂಡೇ ಹೊರಡು ಎಂದು ಹೊಸ ಡಬ್ಬಿಯನ್ನು ಬಾಗಿಲ ಮೆಟ್ಟಿಲ ಮೇಲೆ ಇಟ್ಟುಹೋದರು. ಚಿಕ್ಕಪ್ಪ ಇಸ್ತ್ರಿ ಮಾಡಿದ ಕೆನೆ ಬಣ್ಣದ ಪ್ಯಾಂಟು ಹಾಕಿಕೊಂಡಿದ್ದ. ಬಾನೆಟ್ ಎತ್ತಿದರೆ ಮಸಿ ಆಗುತ್ತದೆ ಎಂದು ಡಬ್ಬಿಯನ್ನು ದಾಟಿಕೊಂಡು ಹೋಗಿ ಕೂತ. ನಾನೂ ದಾಟಿದೆ.

ಹೋಗುವಾಗ ಏನೂ ಆಗಲಿಲ್ಲ. ಕೆಂಟನ್‌ನಲ್ಲಿ ಉಪ್ಪಿಟ್ಟು, ಕೇಸರಿಭಾತು ಆಯಿತು. ಹುಡುಗಿಯ ತಂದೆ ಹೊರಗೆ ಬಂದು ಎಮ್ಮೆಯ ಸುತ್ತ ಎರಡು ಸುತ್ತು ಹಾಕಿದರು. ವಾಪಸು ಬರುವಾಗ ನಾರ್ತೋಲ್ಟ್ ದಾಟಿದಮೇಲೆ ಕೇಳಿಸಿತು. ಆಳದಿಂದ, ಒಳಗಿನ ಬಾಗಿಲನ್ನು ಯಾರೋ ಗೆಣ್ಣಿನಿಂದ ತಟ್ಟಿದ ಹಾಗೆ. ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪವೂ ಇತ್ತು. ನಾನು ಹಿಂದಿನ ಸೀಟಿನಿಂದ ಎದ್ದು ನಿಂತು ಚಿಕ್ಕಪ್ಪ, ಇಂಜಿನ್ ಬಡೀತಿದೆ, ನಿಲ್ಲಿಸು ಅಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

"ಓಹೋ, ಕಿವಿ ರಾಯರ ಮಗಳು ಕಿವಿ ರಾಣಿ. ಕೂತ್ಕೊಳೇ ಸುಮ್ನೆ."

ಕೈ ಚಾಚಿ ಕ್ಯಾಸೆಟ್ಟನ್ನು ಜೋರು ಮಾಡಿದ. ಹಾಡಿನ ಅಡಿಯಲ್ಲೂ ನನಗೆ ಅದು ಕೇಳಿಸುತ್ತಲೇ ಇತ್ತು. ಹೇಯ್ಸ್ ಹತ್ತಿರ ಎಮ್ಮೆ ಒಂದು ಸಲ ಇಡೀ ಮೈ ನಡುಗಿಸಿ ನಿಂತುಹೋಯಿತು. ಚಿಕ್ಕಪ್ಪ ಫೋನ್ ಬೂತಿನಿಂದ ಫೋನು ಮಾಡಿದ್ದು ಮನೆಗಲ್ಲ, ಕೆಂಟನ್‌ಗೆ. ಹುಡುಗಿಯ ತಂದೆಯೇ ಪಾಪ ಬಂದು ನಮ್ಮನ್ನು ಅವರ ಕಾರಿನಲ್ಲಿ ಫೆಲ್ಥಮ್‌ಗೆ ತಲುಪಿಸಿದರು. ಡ್ಯೂಟಿ ಮುಗಿಸಿ ಆಗತಾನೆ ಬಂದಿದ್ದ ಅಪ್ಪ ಬಾಗಿಲಲ್ಲಿದ್ದರು. ಚಿಕ್ಕಪ್ಪನ ಪ್ಯಾಂಟು ನೋಡಿದರು, ಮೆಟ್ಟಿಲ ಮೇಲೆ ಸೀಲು ಒಡೆಯದ ಡಬ್ಬಿ ನೋಡಿದರು. ಬಂದವರ ಕಣ್ಣಿಗೆ ಬೀಳುವ ಮುಂಚೆ ಡಬ್ಬಿಯನ್ನು ಎತ್ತಿ ಬಾಗಿಲ ಹಿಂದೆ ಇಟ್ಟರು. ಒಳಗೆ ಆಗಲೇ ಕಾರು ತೋರಿಸಲು ಬಂದ ಇಬ್ಬರು ಮೂವರು ಕೂತಿದ್ದರು. ಎಲ್ಲರೆದುರು ಚಿಕ್ಕಪ್ಪ ಭಾವಿ ಮಾವನ ಕಡೆ ತಿರುಗಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ.

"ಅಣ್ಣ ಬೆಳಗ್ಗೆ ತಾನೇ ಕೇಳಿ ಸರಿಯಾಗಿದೆ ಅಂದಿದ್ದ. ವಿಮಾನದ ಸದ್ದಲ್ಲಿ ಕೆಲಸ ಮಾಡಿ ಮಾಡಿ, ಪಾಪ, ಅಣ್ಣನ ಕಿವಿ ಹೋಗಿದೆ."

ನಾನು ಬಾಯಿ ತೆರೆದೆ. ಅಪ್ಪ ನನ್ನ ನೆತ್ತಿಯ ಮೇಲೆ ಕೈ ಇಟ್ಟರು. ಶಾರೂ, ಎಲ್ಲರಿಗೂ ಮಜ್ಜಿಗೆ ತಗೊಂಡು ಬಾ ಅಂದರು. ತಂದುಕೊಟ್ಟೆ. ಚಿಕ್ಕಪ್ಪ ಎರಡು ಲೋಟ ಕುಡಿದ.

ಮದುವೆ ಆಯಿತು, ಚಿಕ್ಕಪ್ಪ ಕೆಂಟನ್‌ಗೆ ಹೋದ. ನಮ್ಮ ಮನೆಯ ಮುಂದಿನ ಭಾನುವಾರದ ಸಾಲು ಒಂದೊಂದೇ ಕಾರು ಕಮ್ಮಿಯಾಗಿ ಇಲ್ಲವಾಯಿತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ರಾಯರಿಗೆ ತೊಂದರೆ ಕೊಡುವುದು ಬೇಡ ಅನ್ನುತ್ತಿದ್ದರಂತೆ. ಎಮ್ಮೆಯ ಕಿಟಕಿಯ ರಬ್ಬರಿನಲ್ಲಿ ಪಾಚಿ ಬೆಳೆಯಿತು, ಕೌನ್ಸಿಲ್‌ನಿಂದ ಕಾಗದ ಬಂತು, ಒಂದು ಮಂಗಳವಾರ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅದು ನಿಂತಿದ್ದ ಜಾಗದಲ್ಲಿ ತಟ್ಟೆಯಗಲದ ಆಯಿಲು ಕಲೆ ಮಾತ್ರ ಇತ್ತು. ಅಪ್ಪ ಮತ್ತೆ ಕಡೆಗೋಲಿಗೆ ಕಿವಿ ಕೊಡಲಿಲ್ಲ. ಕರೆದರೆ ಎರಡನೇ ಸಲಕ್ಕೆ ಓಗೊಡುವುದು ರೂಢಿಯಾಯಿತು. ನಿಜಕ್ಕೂ ಕೇಳಿಸುತ್ತಿರಲಿಲ್ಲವೋ, ಊರೇ ಹೇಳಿದಮೇಲೆ ಅವರೂ ನಂಬಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮ ಹೊಸ ಮಿಕ್ಸಿಯಲ್ಲಿ ಮಜ್ಜಿಗೆ ಮಾಡತೊಡಗಿದಳು. ಅದರಲ್ಲಿ ಯಾವ ವಾಸನೆಯೂ ಇರಲಿಲ್ಲ, ನಾವು ಮೂವರೂ ಕುಡಿಯುವುದನ್ನು ಕಮ್ಮಿ ಮಾಡಿದೆವು. ಈಗ ಅವರಿಬ್ಬರೂ ಇಲ್ಲ. ಫೆಲ್ಥಮ್ ಮನೆಯನ್ನು ಕೊಂಡವರು ಅಂಗಳಕ್ಕೆ ಹೊಸ ಕಲ್ಲು ಹಾಸಿ, ಎಮ್ಮೆಯ ಕಲೆಯನ್ನು ಮುಚ್ಚಿ, ಗೋಡೆಗೆ ಚಾರ್ಜರ್ ಹಾಕಿಸಿದ್ದಾರೆ.

ನಾನು ಮಾತ್ರ ಮರೆಯಲಿಲ್ಲ. ಸಿಟ್ಟನ್ನು ಹೆಪ್ಪು ಹಾಕಿದ ಹಾಲಿನ ಹಾಗೆ ಅಲುಗಿಸದೆ ಇಟ್ಟುಕೊಂಡಿದ್ದೆ. ಹಬ್ಬದಲ್ಲಿ ಚಿಕ್ಕಪ್ಪನ ತಟ್ಟೆಗೆ ಒಡೆದ ಹೋಳಿಗೆ, ತಳ ಹಿಡಿದ ಪಾಯಸ, ತಣ್ಣಗಾದ ಕಾಫಿ. ನನ್ನ ಕೈಲಾದದ್ದು ಅಷ್ಟೆ. ಅವನು ಕೂಟದ ಹಿರಿಯನಾದ, ಹಾರ ಹಾಕಿಸಿಕೊಂಡ. ಈ ನಡುವೆ ಹೊಗೆ ಉಗುಳುವ ಗಾಡಿಗೆ ದಂಡ ಹಾಕುವ ಕ್ಯಾಮೆರಾಗಳು ನಮ್ಮ ಕಡೆಗೂ ಬಂದು ಪೆಟ್ರೋಲು ಕುಡಿಯುವ ಗಾಡಿಗಳು ಒಂದೊಂದಾಗಿ ಮಾಯವಾದವು. ತಮಾಷೆ ಎಂದರೆ ನಲವತ್ತು ವರ್ಷ ದಾಟಿದ ಗಾಡಿಗೆ ಆ ಕ್ಯಾಮೆರಾಗಳ ಕಾಟ ಇಲ್ಲ. ಎಮ್ಮೆ ಬದುಕಿದ್ದರೆ ಇವತ್ತೂ ಎದೆ ನಡುಗಿಸುತ್ತಾ ರೇನರ್ಸ್ ಲೇನಿನಲ್ಲಿ ಓಡಾಡುತ್ತಿತ್ತು. ಎಪ್ಪತ್ತರ ಹತ್ತಿರದ ಚಿಕ್ಕಪ್ಪ ಬ್ಯಾಟರಿ ಕಾರು ತೆಗೆದುಕೊಂಡ. ಬೇಸಿಗೆಯಲ್ಲಿ ಒಂದು ಸಂಜೆ ಕೂಟದ ಮೀಟಿಂಗ್ ಮುಗಿಸಿ ನನ್ನನ್ನು ಕೆಂಟನ್‌ನಿಂದ ಮನೆಗೆ ಬಿಡುತ್ತೇನೆಂದು ಕೂರಿಸಿಕೊಂಡ. ಹ್ಯಾರೋ ದಾಟಿದಮೇಲೆ ಸ್ಪೀಡು ಏರಿಸಿ, ಕೇಳು ಶಾರೂ, ಏನು ಕೇಳಿಸುತ್ತೆ ಹೇಳು ಎಂದ.

ನನಗೆ ಕೇಳಿಸಿತ್ತು. ಸಣ್ಣ ಸಿಳ್ಳು, ಅದರೊಳಗೆ ಬೀಸುಕಲ್ಲಿಗೆ ಮರಳಿನ ಹರಳು ಸಿಕ್ಕಂಥ ಕರಕರ. ಸ್ಪೀಡಿನ ಜೊತೆ ಏರುತ್ತಿತ್ತು, ತಿರುವಿನಲ್ಲಿ ಬದಲಾಗಲಿಲ್ಲ. ಹಾಗಾಗಿ ಚಕ್ರದ್ದಲ್ಲ. ಚಕ್ರದ್ದಾಗಿದ್ದರೆ ಪ್ರಾಣಕ್ಕೆ ಅಪಾಯ, ಬಾಯಿ ಬಿಡುತ್ತಿದ್ದೆ, ಅಷ್ಟು ಪಾಪಿಯಲ್ಲ ನಾನು. ಇದು ಮೋಟಾರಿನ ಬೇರಿಂಗು. ಈಗ ತೋರಿಸಿದರೆ ಉಳಿಯುತ್ತದೆ, ತೋರಿಸದಿದ್ದರೆ ಒಂದು ದಿನ ನಿಂತುಹೋಗುತ್ತದೆ. ಅಪ್ಪ ಏರ್‌ಪೋರ್ಟಿನ ಬ್ಯಾಟರಿ ಗಾಡಿಗಳ ಬಗ್ಗೆ ಹೇಳಿಕೊಟ್ಟದ್ದು ಇದೇ.

"ಏನೂ ಇಲ್ಲ ಚಿಕ್ಕಪ್ಪ" ಅಂದೆ.

"ಅದೇ ಮತ್ತೆ. ನಿಮ್ಮಪ್ಪ ಇದ್ದಿದ್ರೆ ಅವನಿಗೆ ಕೆಲಸಾನೇ ಇರ್ತಿರಲಿಲ್ಲ. ಕಿವಿ ಹೋದ್ರೂ ನಡೀತಿತ್ತು."

ಯಾವುದೋ ಹಳೆಯ ಹಾಡು ಸಣ್ಣಗೆ ಬರುತ್ತಿತ್ತು. ನಾನು ಕೈ ಚಾಚಿ ಜೋರು ಮಾಡಿದೆ. ಚೆನ್ನಾಗಿದೆ ಅಲ್ವಾ ಎಂದು ಅವನು ತಾಳ ಹಾಕಿದ.

ದೀಪಾವಳಿಗೆ ವಾರ ಇರುವಾಗ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ಅವನ ಗಾಡಿ ನಿಂತುಹೋಯಿತೆಂದು ಫೋನಿನಲ್ಲಿ ಸುದ್ದಿ ಬಂತು. ಆಗಲೇ ನಾನು ಮಜ್ಜಿಗೆ ನನ್ನದು ಎಂದದ್ದು. ನಲವತ್ತು ಜನಕ್ಕಾಗುವಷ್ಟು ಮೊಸರನ್ನು ಆ ಕಡೆಗೋಲಿನಲ್ಲೇ ಕಡೆದೆ. ಹಿಡಿಯ ಕಪ್ಪು ತುದಿಯನ್ನು ಮಾತ್ರ ಬಿಸಿನೀರಿನಲ್ಲಿ ತೊಳೆದು ಬಟ್ಟೆ ಸುತ್ತಿದ್ದೆ. ಕೆಂಟನ್‌ನ ಸಭಾಂಗಣದಲ್ಲಿ ಊಟದ ಮೇಜಿನ ತುದಿಗೆ ಚಿಕ್ಕಪ್ಪ, ಸುತ್ತ ಹತ್ತು ಹನ್ನೆರಡು ಜನ. ಮೋಟಾರು ತಿಂಗಳುಗಟ್ಟಲೆ ಸದ್ದು ಮಾಡಿರಬೇಕು, ನಿಮಗೆ ಕೇಳಿಸಲಿಲ್ಲವೇ ಎಂದು ಗ್ಯಾರೇಜಿನವನು ಕೇಳಿದನಂತೆ. ಒಂದು ಚೂರೂ ಸದ್ದಿರಲಿಲ್ಲ, ಬೇಕಾದರೆ ಶಾರೂನ ಕೇಳಿ, ಅವಳೂ ಕೂತಿದ್ದಳು ಎಂದು ಚಿಕ್ಕಪ್ಪ ನನ್ನ ಕಡೆ ಕೈ ತೋರಿಸಿದ. ನಾನು ಜಗ್ಗು ಹಿಡಿದು ಅವನ ಪಕ್ಕಕ್ಕೇ ಬಂದಿದ್ದೆ.

"ಸದ್ದಿತ್ತು, ನನಗೆ ಕೇಳಿಸಿತ್ತು. ಪಾಪ, ಚಿಕ್ಕಪ್ಪನ ಕಿವಿ ಹೋಗಿದೆ."

ಒಬ್ಬಿಬ್ಬರು ನಕ್ಕರು. ವಯಸ್ಸಾಯಿತಲ್ಲ ಮುಕುಂದ ರಾಯರಿಗೆ ಎಂದು ಯಾರೋ ಅಂದರು. ಚಿಕ್ಕಪ್ಪ ಕತ್ತೆತ್ತಿ ನನ್ನನ್ನು ನೋಡಿದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹತ್ತಿರ ಇದ್ದ ನನಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ, "ಹಾಡು ಜೋರು ಮಾಡಿದ್ದು ನೀನು" ಅಂದ.

"ಹೌದು. ಮಜ್ಜಿಗೆ ಹಾಕ್ಲಾ ಚಿಕ್ಕಪ್ಪ?"

ಅವನು ಲೋಟದ ಮೇಲೆ ಅಂಗೈ ಮುಚ್ಚಿದ. ನಾನು ಜಗ್ಗು ಬಗ್ಗಿಸಿಕೊಂಡು ಕಾದೆ. ಮಿಕ್ಕವರು ಮಜ್ಜಿಗೆಗೆ ಕಾಯುತ್ತಿದ್ದರು, ನಾನು ಸರಿಯಲಿಲ್ಲ. ಕೊನೆಗೆ ಅವನು ಕೈ ತೆಗೆದ. ಹಾಕಿದೆ. ತಲೆ ತಗ್ಗಿಸಿ ಕುಡಿದ, ಪೂರ್ತಿ.

ನನಗೆ ಪಶ್ಚಾತ್ತಾಪ ಇಲ್ಲ. ಅಪ್ಪ ಆಗಿದ್ದರೆ ಹ್ಯಾರೋದಲ್ಲೇ ಮುಕುಂದಾ, ಗಾಡಿ ನಿಲ್ಲಿಸು ಅನ್ನುತ್ತಿದ್ದರು ಎಂಬುದೂ ಗೊತ್ತಿದೆ. ಅವರ ಕಿವಿಯನ್ನು ಉಳಿಸಿಕೊಂಡು ಬಂದವಳು ನಾನು, ಆ ಕಿವಿಗೆ ಕೇಳಿಸಿದ್ದನ್ನು ಬಚ್ಚಿಟ್ಟವಳೂ ನಾನೇ. ಮನೆಗೆ ಬಂದು ಪಾತ್ರೆಗಳನ್ನು ತೊಳೆದಿಟ್ಟು, ತಳದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿಕೊಂಡು ಅಡುಗೆಮನೆಯಲ್ಲಿ ಕೂತೆ. ಕಡೆಗೋಲು ಒಣಗಲೆಂದು ಸಿಂಕಿನ ಪಕ್ಕ ಒರಗಿತ್ತು. ಎತ್ತಿ ಮೂಸಿದೆ, ಎರಡೂ ತುದಿಯಲ್ಲಿ ಒದ್ದೆ ಮರದ ವಾಸನೆ ಮಾತ್ರ. ಪೆಟ್ರೋಲು ಸಿಗುತ್ತದೋ ಎಂದು ಲೋಟವನ್ನು ಬಾಯಿಗಿಟ್ಟು ನಿಧಾನವಾಗಿ, ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ಕುಡಿದೆ. ಉಪ್ಪು ಇತ್ತು, ಇಂಗು ಇತ್ತು, ಕರಿಬೇವು ಇತ್ತು.